ನಂಬರ್ ಏರುತ್ತೆ, ಲೆಡ್ ಕರಗಲ್ಲ

ಅಂಗಡಿಯಿಂದ
ಮಾರ್ಚ್ 4

ಇವರಿಗೆ,

ಮೊನ್ನೆ ಫೋನು ತಾನಾಗೇ ಕಟ್ಟಾಗಿದ್ದಲ್ಲ, ನಾನೇ ಇಟ್ಟಿದ್ದು. ಅದನ್ನ ಮೊದಲೇ ಹೇಳಿಬಿಡ್ತೀನಿ. ಹತ್ತೊಂಬತ್ತು ವರ್ಷ ಈ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಕೂತು ಚೀಟಿ ಬರೆದವಳಿಗೆ "ಐರನ್ ಹಿಡಿಯೋದು ಸೌಟು ಹಿಡಿದ ಹಾಗಲ್ಲ ಕಣೇ" ಅಂದ್ರೆ ಯಾರು ತಾನೇ ಫೋನ್ ಕಿವಿಗೆ ಇಟ್ಕೊಂಡಿರ್ತಾರೆ?

ಆಮೇಲೆ ಅತ್ತಿಗೆ ಫೋನ್ ಮಾಡಿದ್ರು. "ನಿಮ್ಮಿಬ್ಬರ ಕಿರುಚಾಟಕ್ಕೆ ನನ್ನ ಬಿ.ಪಿ. ಏರ್ತಿದೆ. ಅವನ ಫೋನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೀನಿ. ಏನಿದ್ರೂ ಕಾಗದ ಬರೀರಿ. ಅಂಚೆ ಬರೋ ಮೂರು ದಿನದಲ್ಲಿ ಕೋಪ ಆರುತ್ತೆ" ಅಂದ್ರು. ಮೂವತ್ತು ವರ್ಷ ಟೀಚರಾಗಿದ್ದವರು, ನಿಮ್ಮಕ್ಕ ಬೇರೆ. ಎದುರು ಮಾತಾಡೋಕಾಗುತ್ತಾ? ಅದಕ್ಕೇ ಈ ಕಾಗದ.

ನೀವು ಏಣಿ ಹತ್ತಿ ಬಲಗೈ ಎಡಗಾಲು ಎರಡನ್ನೂ ಮುರ್ಕೊಂಡ ದಿನ ಬೆಳಿಗ್ಗೆ ಒಂದು ಹೊಸ ಸೋಲ್ಡರಿಂಗ್ ಐರನ್ ತಂದಿದ್ರಲ್ಲ, ಈಗ ನನ್ನ ಗೋಳೆಲ್ಲ ಅದರದ್ದೇ. ಸಣ್ಣ ಡಬ್ಬಿ, ಡಬ್ಬಿಯ ಮುಖದ ಮೇಲೆ ಕೆಂಪು ನಂಬರು, ಅದರಿಂದ ಒಂದು ಕೇಬಲ್ಲು, ಕೇಬಲ್ಲಿನ ತುದಿಗೆ ಪೆನ್ನಿನ ಥರ ಹಿಡಿ. ಎಷ್ಟು ಡಿಗ್ರಿ ಇಟ್ಟರೆ ಅಷ್ಟೇ ಕಾಯುತ್ತೆ, ಈಗಿನ ನಾಜೂಕು ಬೋರ್ಡುಗಳು ಸುಡಲ್ಲ ಅಂತ ಕುಣಿದಾಡಿದ್ರಿ. ಅಗ್ಗಕ್ಕೆ ಸಿಕ್ತು ಅಂತ ಇನ್ನೊಂದು ಸುತ್ತು ಕುಣಿದ್ರಿ. ಕುಣಿದ ಖುಷಿಯಲ್ಲೇ ಹಳೇ ಐರನ್ನನ್ನ ಅಟ್ಟಕ್ಕೆ ಹಾಕೋಕೆ ಏಣಿ ಹತ್ತಿದ್ರಿ. ಐರನ್ನು ಅಟ್ಟ ಸೇರ್ತು, ನೀವು ನೆಲ ಸೇರಿದ್ರಿ.

ಮುನ್ನೂರೈವತ್ತಕ್ಕೆ ಇಟ್ಟೆ. ನಂಬರು ಟಕಟಕ ಅಂತ ಏರಿ ಮುನ್ನೂರೈವತ್ತರಲ್ಲಿ ನಿಲ್ತು. ಬೆಸುಗೆಯ ಲೆಡ್ ತಂತಿ ತಾಗಿಸಿದ್ರೆ ಅದು ನೀರಾಗಿ ಹರಿಯಬೇಕಲ್ವಾ? ಅಗಿದು ಉಗಿದ ಚೂಯಿಂಗ್ ಗಮ್ ಥರ ಅಂಟ್ಕೊಂಡು ಕೂತ್ಕೊಳ್ತು. ನಂಬರ್ ಏರುತ್ತೆ, ಲೆಡ್ ಕರಗಲ್ಲ. ಇಷ್ಟೇ ವಿಷಯ. ಇದನ್ನ ಹೇಳೋಕೇ ಮೊನ್ನೆ ಫೋನ್ ಮಾಡಿದ್ದು, ಸೌಟಿನ ಬಗ್ಗೆ ಕೇಳೋಕಲ್ಲ.

ಬೇಕರಿಯವರ ಓವನ್ ಟೈಮರು, ಟೈಲರಮ್ಮನ ಮೆಷಿನ್ ಪೆಡಲ್ಲು, ಕಣ್ಣಿನ ಡಾಕ್ಟರ ಲ್ಯಾಂಪು ಎಲ್ಲ ಬಂದು ಕೂತಿವೆ. ಮಾರ್ಚ್ ಮುಗಿಯೋದರೊಳಗೆ ಒಂದಾದ್ರೂ ರಿಪೇರಿ ಆಗದಿದ್ರೆ ಶಟರ್ ಎಳೆದು ಅಕ್ಕನ ಮನೆಗೆ ಬಂದು ನನ್ನ ಸೇವೆ ಮಾಡ್ಕೊಂಡಿರು ಅಂದ್ರಿ. ನಾನು ಶಟರ್ ಎಳೆಯಲ್ಲ. ಐರನ್ನಿಗೆ ಏನು ಮಾಡ್ಬೇಕು ಅಷ್ಟು ಹೇಳಿ.

ಇಂತಿ ನಿಮ್ಮವಳು,
ಸೌಟು ಹಿಡಿದವಳು


ಅಕ್ಕನ ಮನೆಯಿಂದ
ಮಾರ್ಚ್ 9

ನನ್ನವಳಿಗೆ,

ಅಕ್ಷರ ಅಕ್ಕಂದು, ಮಾತು ನಂದು. ಬಲಗೈ ಭುಜದ ತನಕ ಪ್ಲಾಸ್ಟರಿನಲ್ಲಿದೆ, ಬೇರೆ ದಾರಿ ಇಲ್ಲ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅಂತ ಕರಾರು ಮಾಡ್ಕೊಂಡಿದೀನಿ. (ಕರಾರಿಗೆ ನಾನು ಒಪ್ಪಿಲ್ಲ. ನನಗೆ ಅನ್ನಿಸಿದ್ದನ್ನು ಹೀಗೆ ಕಂಸದಲ್ಲಿ ಹಾಕುತ್ತೇನೆ. — ಅಕ್ಕ)

ಫೋನ್ ನೀನೇ ಇಟ್ಟಿದ್ದು ಅಂತ ನನಗೆ ಆವತ್ತೇ ಗೊತ್ತಾಯ್ತು. (ಗೊತ್ತಾಗಿರಲಿಲ್ಲ. ಎರಡು ದಿನ ಟವರಿನವರನ್ನು ಬೈಯುತ್ತಾ ಕೂತಿದ್ದ.)

ಐರನ್ನಿಗೆ ಏನೂ ಆಗಿಲ್ಲ ಕಣೇ. ಲೆಡ್ ಕರಗಿಸೋ ಮುಂದಿನ ಮೊನೆ, ಆ ಬಿಟ್ಟಿಗೆ ನೀನು ಅರ ಹಾಕಿಲ್ಲ, ಅಷ್ಟೇ. ನಮ್ಮಪ್ಪ ಬೆಳಿಗ್ಗೆ ಎದ್ದು ತಮ್ಮ ಹಲ್ಲುಜ್ಜೋಕೆ ಮೊದಲು ಐರನ್ನಿನ ಬಿಟ್ ಉಜ್ಜೋರು. ನಾನೂ ಮೂವತ್ತೆರಡು ವರ್ಷ ಅದನ್ನೇ ಮಾಡ್ಕೊಂಡು ಬಂದಿದೀನಿ, ನೀನೇ ನೋಡಿದೀಯ. ಈ ಕಡೆ ಹದಿನೈದು ಸಲ, ಆ ಕಡೆ ಹದಿನೈದು ಸಲ ಅರ ಎಳೆಯಬೇಕು. ತಾಮ್ರ ಕೆಂಪಗೆ ಹೊಳೀಬೇಕು. ಹೊಳೆದ ತಕ್ಷಣ ಲೆಡ್ ಹಚ್ಚು. ಆಮೇಲೆ ಶಾಖ ನಾನೂರೈವತ್ತಕ್ಕೆ ಏರಿಸು, ಮುನ್ನೂರೈವತ್ತೆಲ್ಲ ಹೆದರುಪುಕ್ಕಲರಿಗೆ. ಸಂಜೆ ಅಂಗಡಿ ಮುಚ್ಚುವಾಗ ಕೇಬಲ್ಲನ್ನ ಡಬ್ಬಿಗೆ ಬಿಗಿಯಾಗಿ ಸುತ್ತಿಡು. ಸಡಿಲ ಬಿಟ್ರೆ ಇಲಿ ಕಡಿಯುತ್ತೆ.

ದಿನಾ ಬೆಳಿಗ್ಗೆ ಮರೀಬೇಡ. ಅರ ಹಾಕದ ಬಿಟ್ಟೂ ಮುಖ ತೊಳೆಯದ ಮನುಷ್ಯನೂ ಒಂದೇ.

(ಇದನ್ನು ಹೇಳುವಾಗ ಮಧ್ಯಾಹ್ನ ಹನ್ನೆರಡು ಗಂಟೆ. ಅವನು ಇನ್ನೂ ಮುಖ ತೊಳೆದಿರಲಿಲ್ಲ.)

ಇಂತಿ,
ನಿನ್ನ ಗಂಡ


ಅಂಗಡಿಯಿಂದ
ಮಾರ್ಚ್ 16

ಇವರಿಗೆ,

ನಿಮ್ಮ ಕಾಗದ ಬಂದ ಮರುದಿನ ಬೆಳಿಗ್ಗೆ ನೀವು ಹೇಳಿದ ಹಾಗೇ ಮಾಡಿದೆ. ಹದಿನೈದು, ಹದಿನೈದು. ಬಾಯಲ್ಲಿ ಎಣಿಸ್ಕೊಂಡೇ ಎಳೆದೆ. ಮೇಲಿನ ಬೂದು ಬಣ್ಣ ಹೋಗಿ ಕೆಂಪಗೆ ತಾಮ್ರ ಕಾಣಿಸ್ತು. ನಾನೂರೈವತ್ತಕ್ಕೆ ಏರಿಸಿ ಲೆಡ್ ತಾಗಿಸಿದೆ ನೋಡಿ, ಸರ್‍ರಂತ ಹರೀತು! ಈ ಮನುಷ್ಯ ಎಷ್ಟು ಕೂಗಾಡಿದ್ರೂ ವಿದ್ಯೆ ಇದೆ ಅನ್ನಿಸ್ತು. ಟೈಲರಮ್ಮನ ಪೆಡಲ್ಲಿನಲ್ಲಿ ಒಂದು ವೈರನ್ನ ಅರ್ಧ ಕೂರಿಸಿದೆ ಕೂಡ.

ಅರ್ಧ ಯಾಕೆ ಅಂದ್ರೆ ಅಷ್ಟರಲ್ಲಿ ಮಧ್ಯಾಹ್ನ ಆಯ್ತು. ಬಿಟ್ಟು ಸುಟ್ಟ ಬದನೆಕಾಯಿ ಥರ ಕಪ್ಪಗಾಗಿ ಕೂತಿತ್ತು. ಲೆಡ್ ಮುಟ್ಟಿಸಿದ್ರೆ ಗೋಲಿಯಾಗಿ ಉರುಳಿ ನನ್ನ ಸೀರೆ ಮೇಲೆ ಬಿತ್ತು. ಮರುದಿನ ಮತ್ತೆ ಹದಿನೈದು, ಹದಿನೈದು. ಮತ್ತೆ ಬೆಳಿಗ್ಗೆ ಭರ್ಜರಿ, ಮಧ್ಯಾಹ್ನ ಬದನೆಕಾಯಿ. ಮೂರನೇ ದಿನ ಬಿಟ್ಟಿನ ತುದಿಯಲ್ಲಿ ಒಂದು ಗುಂಡಿ. ಇವತ್ತು ನೋಡಿದ್ರೆ ಬಿಟ್ಟು ಮೊದಲಿಗಿಂತ ಗಿಡ್ಡ ಆಗಿದೆ. ಹೀಗೇ ದಿನಾ ಮುಖ ತೊಳೀತಾ ಹೋದ್ರೆ ಮುಂದಿನ ವಾರ ತೊಳೆಯೋಕೆ ಮುಖವೇ ಇರಲ್ಲ.

ಇನ್ನೊಂದು. ನಿನ್ನೆ ಬೇಕರಿಯವರ ಟೈಮರ್ ಮೇಲೆ ಕೈ ಇಟ್ಟೆ. ಅಲ್ಲಿತನಕ ತಣ್ಣಗಿದ್ದ ಐರನ್ನಿಗೆ ಅದೇನು ಹುಮ್ಮಸ್ಸು ಬಂತೋ, ಏಕಾಏಕಿ ಕೆಂಡ ಆಗಿ ಬೋರ್ಡಿನ ಮೇಲಿನ ತಾಮ್ರದ ಗೆರೆಯನ್ನೇ ಎಬ್ಬಿಸಿಬಿಡ್ತು. ಕೂದಲೆಳೆಯಷ್ಟು ತಂತಿ ಹಾಕಿ ಸರಿಮಾಡಬಹುದು, ಆದರೆ ಯಾವುದರಿಂದ ಬೆಸೆಯಲಿ? ಕೇಳಿದ್ದಕ್ಕೆ ಬೇಕರಿಯವರು "ಪರವಾಗಿಲ್ಲಮ್ಮ, ಅವರು ಬಂದ ಮೇಲೆ ಮಾಡ್ಲಿ" ಅಂದ್ರು. ಎಷ್ಟು ಮೃದುವಾಗಿ ಅಂದ್ರು ಗೊತ್ತಾ? ಬೈದಿದ್ರೆ ವಾಸಿ ಇತ್ತು. ಅವರು ಹೋದ ಮೇಲೆ ಹಿಂದಿನ ರೂಮಿಗೆ ಹೋಗಿ ಅತ್ತೆ.

ಕೇಬಲ್ಲನ್ನ ದಿನಾ ಸಂಜೆ ಬಿಗಿಯಾಗಿ ಸುತ್ತಿಡ್ತಿದೀನಿ. ಇಲಿ ಕಡಿದಿಲ್ಲ. ಡಬ್ಬಿಯ ರಟ್ಟಿನಡಿಯಲ್ಲಿ ಇನ್ನೊಂದು ಹೊಸ ಬಿಟ್ ಸಿಕ್ಕಿತು. ಅದೊಂದೇ ಇರೋದು. ಅದಕ್ಕೂ ಅರ ಹಾಕಲಾ?

ಇಂತಿ,
ನಿಮ್ಮ ಮಾತು ಮೀರದವಳು


ಅಕ್ಕನ ಮನೆಯಿಂದ
ಮಾರ್ಚ್ 19

ನನ್ನವಳಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. (ಈ ಗಾದೆ ಬರೆಯಬೇಡ, ಅವಳು ಅತ್ತಿದ್ದಾಳೆ ಅಂದೆ. "ಅದಕ್ಕೇ ಬರಿ, ಕೋಪ ಬಂದ್ರೆ ಅಳು ನಿಲ್ಲುತ್ತೆ" ಅಂದ. ಇದು ಇವನಿಗೆ ಗೊತ್ತಿರುವ ಸಮಾಧಾನದ ರೀತಿ.)

ಬಿಟ್ಟು ಕಪ್ಪಾಯ್ತು ಅಂದ್ರೆ ನೀನು ಸಾಕಷ್ಟು ಅರ ಹಾಕ್ತಿಲ್ಲ. ಮೂವತ್ತೆರಡು ವರ್ಷದಲ್ಲಿ ನನ್ನ ಬಿಟ್ಟಿಗೆ ಗುಂಡಿ ಬಿದ್ದಿದ್ದು ನೋಡಿದೀಯಾ? ಹೊಸ ಬಿಟ್ ಹಾಕು. ಹಾಕೋ ಮುಂಚೆ ಇಪ್ಪತ್ತೈದು, ಇಪ್ಪತ್ತೈದು ಎಳಿ. ಹೊಸದು ಅಂತ ಕನಿಕರ ತೋರಿಸ್ಬೇಡ. ಅದೂ ಹಾಳಾದ್ರೆ ನಿನ್ನ ಕೈಗೆ ಈ ಕೆಲಸ ಒಗ್ಗಲ್ಲ ಅಂತಲೇ ಅರ್ಥ. ತಿಂಗಳ ಕೊನೆಗೆ ಶಟರ್ ಎಳೆದು ಬಾ. ನಾನು ಬಂದು ಎಲ್ಲ ಸರಿಮಾಡ್ತೀನಿ. ಅಷ್ಟು ದಿನ ಗಿರಾಕಿಗಳು ಕಾಯ್ತಾರೆ, ನನಗೋಸ್ಕರ ಕಾಯ್ತಾರೆ.

ಬೇಕರಿಯವನು ಹಾಗಂದಿದ್ದಕ್ಕೆ ಮನಸ್ಸಿಗೆ ಹಚ್ಕೋಬೇಡ. (ಇದನ್ನು ಮೂರು ಸಲ ಹೇಳಿ ಮೂರು ಸಲ ಅಳಿಸು ಅಂದ. ಮೂರನೇ ಸಲ ನಾನು ಅಳಿಸಲಿಲ್ಲ.)

ಇಂತಿ,
ನಿನ್ನ ಗಂಡ


ಅಂಗಡಿಯಿಂದ
ಮಾರ್ಚ್ 25

ಇವರಿಗೆ,

ಹೊಸ ಬಿಟ್ಟಿಗೆ ಅರ ಹಾಕಲಿಲ್ಲ. ಮದುವೆಯಾಗಿ ಬಂದ ಮೇಲೆ ನೀವು ಬಾಯಿಬಿಟ್ಟು ಹೇಳಿದ ಮಾತನ್ನ ನಾನು ಮೀರಿದ್ದು ಇದೇ ಮೊದಲು. (ಬಾಯಿಬಿಟ್ಟು ಹೇಳದೇ ಇದ್ದದ್ದನ್ನ ಬೇಕಾದಷ್ಟು ಮೀರಿದೀನಿ, ಅದು ಬೇರೆ ಲೆಕ್ಕ. ಕಂಸ ಹಾಕೋದು ಅತ್ತಿಗೆಯಿಂದ ಕಲಿತೆ.)

ಆಗಿದ್ದು ಹೇಳ್ತೀನಿ, ನಡುವೆ ಬಾಯಿ ಹಾಕದೆ ಕೇಳಿ. ನಿಮ್ಮ ಕಾಗದ ಬಂದ ದಿನ ಡಬ್ಬಿಯ ನಂಬರಿಗೆ ಹುಚ್ಚು ಹಿಡೀತು. ಮುನ್ನೂರು ಅನ್ನುತ್ತೆ, ಐನೂರು ಅನ್ನುತ್ತೆ, ಒಂದು ಕ್ಷಣ ಇಪ್ಪತ್ತು ಅನ್ನುತ್ತೆ, ಆಮೇಲೆ ನಂಬರೇ ಇಲ್ಲ, ಮೂರು ಗೀಟು. ಹೊರಗೆ ತಗೊಂಡು ಹೋಗಿ ಬಿಸಾಕೋಣ ಅಂತ ಹಿಡಿ ಎತ್ತಿದೆ. ಎತ್ತಿದಾಗ ನಂಬರು ಸರಿಹೋಯ್ತು. ಇಳಿಸಿದೆ, ಕೆಡ್ತು. ಎತ್ತಿದೆ, ಸರಿಹೋಯ್ತು. ಹತ್ತು ಸಲ ಎತ್ತಿ ಇಳಿಸಿ ಮಾಡೋದನ್ನ ರಸ್ತೇಲಿ ಹೋಗೋರು ನಿಂತು ನೋಡಿದ್ರು. ಹಿಡಿಯ ಕುತ್ತಿಗೆ ಹತ್ತಿರ ಕೇಬಲ್ಲಿನ ಒಳಗೆ ತಂತಿ ತುಂಡಾಗಿತ್ತು. ಶಾಖ ಎಷ್ಟಿದೆ ಅಂತ ಡಬ್ಬಿಗೆ ಸುದ್ದಿ ಮುಟ್ಟಿಸೋ ತಂತಿ ಅದು. ಅದು ಮುಟ್ಟಿದ್ರೆ ಮುಟ್ಟಿತು, ಇಲ್ಲದಿದ್ರೆ ಇಲ್ಲ. ಡಬ್ಬಿಗೆ ಪಾಪ ತಲೆಬುಡ ಗೊತ್ತಾಗ್ದೆ ಒಮ್ಮೆ ತಣ್ಣಗೆ ಬಿಡುತ್ತೆ, ಒಮ್ಮೆ ಕೆಂಡ ಮಾಡುತ್ತೆ. ಬೇಕರಿಯವರ ಗೆರೆ ಎದ್ದಿದ್ದು ಹೀಗೆ. ತುಂಡಾಗಿದ್ದು ಯಾಕೆ ಅಂದ್ರೆ ದಿನಾ ಸಂಜೆ ಒಬ್ಬಳು ಅದನ್ನ ಡಬ್ಬಿಗೆ ಬಿಗಿಯಾಗಿ ಸುತ್ತಿಡ್ತಿದ್ಲು. ಹಳೇ ಐರನ್ನಿನ ದಪ್ಪ ವೈರನ್ನ ಸುತ್ತಿದ್ರೂ ಏನೂ ಆಗ್ತಿರಲಿಲ್ಲ, ಈ ಸಣ್ಣದು ತಡ್ಕೊಳ್ಳಲಿಲ್ಲ. ಇಲಿ ಕಡಿದಿದ್ರೆ ಒಂದೇ ಸಲ ಗೊತ್ತಾಗ್ತಿತ್ತು.

ಸರಿ, ಕೆಟ್ಟ ಕಡೆ ಕತ್ತರಿಸಿ ಮತ್ತೆ ಬೆಸೆಯಬೇಕು. ಬೆಸೆಯೋ ಐರನ್ನೇ ಕೆಟ್ಟಿದೆ! ಅಟ್ಟದ ಕಡೆ ನೋಡಿದೆ. ಏಣಿ ಹತ್ತಿದೆ, ನಿಮ್ಮ ಹಳೇ ಐರನ್ ಇಳಿಸ್ಕೊಂಡು ಬಂದೆ. ಬೀಳಲಿಲ್ಲ. ಒಳಗಿನ ಐದು ತಂತಿಯ ಬಣ್ಣವನ್ನ ಚೀಟಿಯ ಹಿಂದೆ ಬರ್ಕೊಂಡು, ಕತ್ತರಿಸಿ, ಹಿಡಿಯೊಳಗೆ ಅದದನ್ನ ಅದದಕ್ಕೇ ಬೆಸೆದೆ. ಹಳೇದು ಈ ಸಣ್ಣ ಕೆಲಸಕ್ಕೆ ಒನಕೆ ಹಿಡ್ಕೊಂಡ ಹಾಗಿತ್ತು, ಆದರೂ ಮಾಡ್ತು. ಮಾಡೋ ಮುಂಚೆ ಅದರ ಬಿಟ್ಟಿಗೆ ಅರ ಹಾಕಿದೆ. ಎಷ್ಟು ಚೆನ್ನಾಗಿ ಹೊಳೀತು ಅಂತೀರಿ! ಆಗ ಯೋಚನೆ ಬಂತು, ಇದಕ್ಕೆ ಮೂವತ್ತೆರಡು ವರ್ಷ ಆಗದ್ದು ಅದಕ್ಕೆ ಮೂರು ದಿನದಲ್ಲಿ ಯಾಕಾಯ್ತು ಅಂತ.

ಮೂಲೇಲಿ ಬಿದ್ದಿದ್ದ ಸ್ಪೀಕರಿನ ಅಯಸ್ಕಾಂತ ತಗೊಂಡೆ. ಹಳೇ ಐರನ್ನಿನ ಬಿಟ್ಟಿಗೆ ಹಿಡಿದೆ. ಅಂಟಲಿಲ್ಲ, ತಾಮ್ರ ಅಲ್ವಾ. ಅರ ಹಾಕದ ಹೊಸ ಬಿಟ್ಟಿಗೆ ಹಿಡಿದೆ. ಟಕ್ ಅಂತ ಅಂಟ್ಕೊಳ್ತು! ನಾವು ಉಜ್ಜಿ ಕೊಂದ ಬಿಟ್ಟಿನ ತುದಿಗೆ ಹಿಡಿದೆ. ಅಂಟಲಿಲ್ಲ. ಗೊತ್ತಾಯ್ತಲ್ಲ? ನಿಮ್ಮಪ್ಪನ ಕಾಲದ ಬಿಟ್ಟು ಒಳಗೂ ತಾಮ್ರ, ಹೊರಗೂ ತಾಮ್ರ. ಎಷ್ಟು ಉಜ್ಜಿದ್ರೂ ಅದೇ. ಈಗಿನದಕ್ಕೆ ಒಳಗೆ ತಾಮ್ರ, ಮೇಲೆ ತೆಳ್ಳಗೆ ಕಬ್ಬಿಣದ ಸಿಪ್ಪೆ. ಆ ಸಿಪ್ಪೆಯೇ ಅದರ ಆಯಸ್ಸು. ನಾನು ನಿಮ್ಮ ಮಾತು ಕೇಳಿ ದಿನಾ ಬೆಳಿಗ್ಗೆ ಮೂವತ್ತು ಸಲ ಅದರ ಚರ್ಮ ಸುಲಿದೆ. ಒದ್ದೆ ಸ್ಪಂಜಿಗೆ ಒರೆಸಿ, ಮೇಲೆ ಒಂದು ಹನಿ ಲೆಡ್ ಹಚ್ಚಿಟ್ರೆ ಸಾಕು ಅದಕ್ಕೆ.

ಮೊದಲ ದಿನವೇ ಲೆಡ್ ಕರಗಲಿಲ್ಲವಲ್ಲ, ಅದು ಯಾಕೆ ಅಂತಲೂ ಹಿಡಿದೆ. ಬಿಟ್ಟನ್ನ ಹಿಡಿದಿಡೋ ನಟ್ಟು ಫ್ಯಾಕ್ಟರಿಯಿಂದಲೇ ಸಡಿಲ. ಒಳಗೆ ಕಾಯೋ ಕಡ್ಡಿಗೂ ಬಿಟ್ಟಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಸಂದು. ಕಡ್ಡಿ ಕಾದು ಕೂತಿದೆ, ಬಿಟ್ಟಿಗೆ ಬಿಸಿ ಮುಟ್ಟಿಲ್ಲ. ನಂಬರು ಹೇಳೋದು ಕಡ್ಡಿಯ ಶಾಖ, ಬಿಟ್ಟಿಂದಲ್ಲ. ತಣ್ಣಗಿರುವಾಗ ನಟ್ಟು ಬಿಗಿ ಮಾಡಿದೆ. ಆಮೇಲೆ ಡಬ್ಬಿಯನ್ನ ನಂಬೋದು ಬೇಡ, ಲೆಡ್ಡನ್ನೇ ಕೇಳೋಣ ಅಂತ, ನೂರೈವತ್ತರಿಂದ ಶುರುಮಾಡಿ ಐದೈದೇ ಡಿಗ್ರಿ ಏರಿಸ್ತಾ ತಂತಿ ತಾಗಿಸ್ತಾ ಹೋದೆ. ನೂರಾ ಎಂಬತ್ತರ ಹತ್ತಿರ ಕರಗುತ್ತೆ ಅಂತ ರೀಲಿನ ಮೇಲೇ ಇದೆ. ಡಬ್ಬಿ ಇನ್ನೂರು ಅಂದಾಗ ಕರಗ್ತು. ತಳದಲ್ಲಿರೋ ಸಣ್ಣ ಸ್ಕ್ರೂನ ಕೂದಲಷ್ಟು ತಿರುಗಿಸಿ ಸರಿಮಾಡಿದೆ. ಈಗ ಸುಳ್ಳು ಹೇಳಲ್ಲ.

ಬೇಕರಿಯ ಟೈಮರ್ ಆಯ್ತು. ಪೆಡಲ್ ಆಯ್ತು. ಲ್ಯಾಂಪ್ ನಾಳೆ. ಮಾರ್ಚ್ ಮುಗಿಯೋಕೆ ಇನ್ನೂ ಆರು ದಿನ ಇದೆ.

ಇನ್ನೊಂದು ಮಾತು, ಇದನ್ನ ಬರೀಲೋ ಬೇಡವೋ ಅಂತ ಎರಡು ಲೋಟ ಟೀ ಕುಡಿದೆ. ನೀವು ಬಂದ ಮೇಲೂ ನನಗೆ ಆ ಕೆಲಸದ ಮೇಜು ಬೇಕು. ಆ ಸ್ಟೂಲು ಬೇಕು. ಕೌಂಟರಿನಲ್ಲಿ ಕೂತು ನಿಮ್ಮ ಬೆನ್ನು ನೋಡ್ಕೊಂಡೇ ಹತ್ತೊಂಬತ್ತು ವರ್ಷ ಕಲಿತೆ. ನೀವು ಒಂದು ಸಲವೂ ತಿರುಗಿ "ಬಾ, ನೋಡು" ಅನ್ನಲಿಲ್ಲ. ನನಗೆ ಆಸೆ ಇದೆ ರೀ. ಬರೆದೇಬಿಟ್ಟೆ.

ಇಂತಿ ನಿಮ್ಮವಳು,
ಸ್ಟೂಲಿನ ಮೇಲೆ ಕೂತು


ಏಪ್ರಿಲ್ 2

ಪ್ರೀತಿಯ ನಾದಿನಿಗಿಂತ ಹೆಚ್ಚಿನವಳೇ,

ಇದು ಪೂರ್ತಿ ನನ್ನ ಕಾಗದ. ಕಂಸದಿಂದ ಹೊರಗೆ ಬಂದು ಬರೆಯುತ್ತಿದ್ದೇನೆ. ಅವನು ಡಾಕ್ಟರ ಹತ್ತಿರ ಹೋಗಿದ್ದಾನೆ.

ನಿನ್ನ ಕಾಗದವನ್ನು ನಾನೇ ಓದಿ ಹೇಳಿದೆ. ಅಯಸ್ಕಾಂತದ ಜಾಗ ಬಂದಾಗ "ಇನ್ನೊಂದು ಸಲ ಓದು" ಅಂದ. ಓದಿದೆ. "ಛೆ" ಅಂದ. ಆಮೇಲೆ ನೀನು ಕಡೆಯಲ್ಲಿ ಬರೆದದ್ದನ್ನು ಓದಿದೆ. ಉತ್ತರ ಬರೆಯೋಣವೇ ಅಂದರೆ ನಾಳೆ ಅಂದ. ಹಾಗೆ ನಾಲ್ಕು ನಾಳೆ ಆಗಿದೆ.

ಅದು ನಿನ್ನ ಮೇಲಿನ ಸಿಟ್ಟು ಅಂದುಕೊಳ್ಳಬೇಡ. ಇಪ್ಪತ್ತೇಳಕ್ಕೆ ಕೈಯ ಪ್ಲಾಸ್ಟರ್ ಬಿಚ್ಚಿದರು. ನನ್ನ ಬೆಳಗಿನ ವಾರ್ತೆಯ ರೇಡಿಯೋ ಮೂಕವಾಗಿತ್ತು. ಪಕ್ಕದ ಮನೆಯಿಂದ ಐರನ್ ತರಿಸಿಕೊಂಡು "ಎರಡು ನಿಮಿಷದ ಕೆಲಸ ಅಕ್ಕ" ಅಂತ ಕೂತ. ಐರನ್ನು ಅವನ ಕೈಯಲ್ಲಿ ಒಂದೇ ಕಡೆ ನಿಲ್ಲಲಿಲ್ಲ. ಮೂರು ಸಲ ಪ್ರಯತ್ನ ಮಾಡಿ ನಾಲ್ಕನೇ ಸಲ ನನ್ನ ಮೇಜಿನ ಬಟ್ಟೆ ಸುಟ್ಟ. ಬಟ್ಟೆ ಹಳೆಯದು, ಬಿಡು. ಡಾಕ್ಟರು ವರ್ಷ ಹೋದರೆ ಬೆರಳು ಸಾಕಷ್ಟು ಸುಧಾರಿಸಬಹುದು, ಸಣ್ಣ ಕೆಲಸದ ಬಗ್ಗೆ ಮಾತು ಕೊಡಲಾರೆ ಅಂದಿದ್ದಾರೆ.

"ಅವಳಿಗೆ ಹೇಳಬೇಡ" ಅಂದ. ಹೇಳುವುದಿಲ್ಲ ಅಂದೆ. ಬರೆಯುವುದಿಲ್ಲ ಅನ್ನಲಿಲ್ಲ.

ಈ ರೇಡಿಯೋವನ್ನು ಬಸ್ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಅವನಿಗೂ ಗೊತ್ತು, ಮುಖ ಆ ಕಡೆ ಮಾಡಿಕೊಂಡು "ಕಳಿಸು" ಅಂದ. ಸರಿಮಾಡಿ ಕಳಿಸು. ನನಗೆ ವಾರ್ತೆ ಬೇಕು.

ಅತ್ತಿಗೆ


ಅಂಗಡಿಯಿಂದ
ಏಪ್ರಿಲ್ 8

ಇವರಿಗೆ,

ಅತ್ತಿಗೆಯ ರೇಡಿಯೋ ಕಳಿಸಿದೀನಿ. ವಾಲ್ಯೂಮಿನ ಹತ್ತಿರ ಒಂದು ಬೆಸುಗೆ ಬಿಟ್ಟಿತ್ತು, ಹಾಗೆ ನೋಡ್ತಾ ನೋಡ್ತಾ ಇನ್ನೂ ನಾಲ್ಕು ಬಿಡೋ ಹಾಗಿದ್ವು, ಅವನ್ನೂ ಹೊಸದಾಗಿ ಹಾಕಿದೆ.

ಸ್ಟೂಲಿನ ಮಾತು ಬಾಯಿ ತಪ್ಪಿ ಬಂತು, ಮರೆತುಬಿಡಿ. ಎರಡು ದಿನ ಕೆಲಸ ಕೈಹತ್ತಿದ ಜಂಬ ಅದು. ನೀವು ಬನ್ನಿ, ನಿಮ್ಮ ಜಾಗದಲ್ಲಿ ನೀವು ಕೂತ್ಕೊಳ್ಳಿ. ನನಗೆ ಚೀಟಿ ಬರೆಯೋದೇ ಆರಾಮು. ಕೂತು ಕೂತು ಬೆನ್ನೂ ನೋಯುತ್ತೆ.

ಊಟ ಸರಿಯಾಗಿ ಮಾಡಿ.

ಇಂತಿ,
ನಿಮ್ಮವಳು


ಅಕ್ಕನ ಮನೆಯಿಂದ
ಏಪ್ರಿಲ್ 14

ನನ್ನವಳಿಗೆ,

ಅಕ್ಕ ನಿನಗೆ ಬರೆದಿದಾಳೆ. (ಹೌದು.) ನಿನ್ನ ಕಾಗದ ನೋಡಿದ ತಕ್ಷಣ ಗೊತ್ತಾಯ್ತು. ಬಾಯಿ ತಪ್ಪಿ ಬಂತಂತೆ! ಎರಡು ಲೋಟ ಟೀ ಕುಡಿದು ಯೋಚನೆ ಮಾಡಿ ಯಾರಿಗಾದ್ರೂ ಬಾಯಿ ತಪ್ಪುತ್ತಾ? ಬೆನ್ನು ನೋಯುತ್ತಂತೆ! ನಿನಗೆ ಬೆನ್ನು ನೋವು ಬಂದಿದ್ರೆ ಆ ವಿಷಯ ಮೂರು ಊರಿಗೆ ಗೊತ್ತಾಗ್ತಿತ್ತು. ಕನಿಕರ ಪಟ್ಟು ಸೀಟು ಬಿಟ್ಕೊಡೋಕೆ ನಾನೇನು ಬಸ್ಸಿನಲ್ಲಿ ನಿಂತಿರೋ ಮುದುಕನೇನೇ? (ಇಲ್ಲಿ ಮಾತು ನಿಲ್ಲಿಸಿ ಕನ್ನಡಕ ಒರೆಸಿದ. ನೀರು ಕೊಟ್ಟೆ.)

ರೇಡಿಯೋ ಬಂತು. ನಾನು ಬಿಚ್ಚಿ ನೋಡಿದೆ. ನೋಡ್ಬೇಕಲ್ಲ, ನನ್ನ ಅಂಗಡಿಯಿಂದ ಹೊರಗೆ ಹೋದ ಮಾಲು. ಸುಮ್ನೆ ಒಂದು ಕಣ್ಣು ಹಾಯಿಸಿದೆ, ಅಷ್ಟೇ. (ಎರಡು ದಿನ ಹಾಯಿಸಿದ. ಮೊದಲ ದಿನ ಕನ್ನಡಕ ಹಾಕಿಕೊಂಡು. ಆಮೇಲೆ ನನ್ನ ಭೂತಗನ್ನಡಿ ತೆಗೆದುಕೊಂಡು. ಬೆಳಕು ಸಾಲದು ಅಂತ ಬೋರ್ಡನ್ನು ಅಂಗಳಕ್ಕೆ ಒಯ್ದ, ನೆರಳು ಬಂದ ಹಾಗೆಲ್ಲ ಕುರ್ಚಿ ಸರಿಸಿದ. ಬೆಸುಗೆಗಳನ್ನು ಉಗುರಿನಿಂದ ಎಳೆದು ನೋಡಿದ. ಮಧ್ಯಾಹ್ನ ಒಂದು ಸಲ "ಸಿಕ್ತು!" ಅಂತ ಕೂಗಿದ. ಓಡಿಬಂದೆ. ಅದು ಇವನೇ ಹಿಂದೆ ಯಾವಾಗಲೋ ಹಾಕಿದ ಬೆಸುಗೆ. ಈ ಎರಡೂ ದಿನ ನನಗೆ ವಾರ್ತೆ ಇಲ್ಲ.)

ತಪ್ಪೇನೂ ಕಾಣಿಸ್ಲಿಲ್ಲ.

ಅರದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ಕೇಬಲ್ಲಿನ ವಿಷಯದಲ್ಲೂ ತಪ್ಪು. ಬೇಕರಿಯವನ ಮುಂದೆ ನೀನು ತಲೆ ತಗ್ಗಿಸಿದ್ದು ನನ್ನಿಂದ. ಅಕ್ಕ, ಇದನ್ನ ಚೆನ್ನಾಗಿ ಕಾಣೋ ಹಾಗೆ ಬರಿ. (ಬರೆದಿದ್ದೇನೆ.)

ಸ್ಟೂಲಿನ ವಿಷಯ ಕಾಗದದಲ್ಲಿ ತೀರ್ಮಾನ ಆಗೋದಲ್ಲ. ಇಪ್ಪತ್ತೆಂಟಕ್ಕೆ ಬರ್ತೀನಿ, ಬಂದು ನೋಡಿ ಹೇಳ್ತೀನಿ.

ಇಂತಿ,
ನಿನ್ನ ಗಂಡ


ಕೌಂಟರಿನಿಂದ
ಮೇ 19

ನನ್ನವಳಿಗೆ,

ಎಡಗೈ ಅಕ್ಷರ, ಸುಧಾರಿಸ್ಕೊಂಡು ಓದು. ಎಂಟು ಅಡಿ ದೂರದಲ್ಲಿರೋ ಹೆಂಡತಿಗೆ ಕಾಗದ ಯಾಕೆ ಅಂತ ನಗಬೇಡ. ಬಾಯಲ್ಲಿ ಹೇಳೋಕೆ ಹೊರಟ್ರೆ ನಾನು ಏನಾದ್ರೂ ಕೊಂಕು ಮಾತಾಡಿ ಕೆಡಿಸ್ತೀನಿ. ಅದು ನಿನಗೂ ಗೊತ್ತು.

ಬಂದು ಮೂರು ವಾರ ಆಯ್ತು. ಬಂದ ದಿನ ಕಾಲು ನೋವು ಅಂತ ಕೌಂಟರಿನ ಕುರ್ಚಿಯಲ್ಲಿ ಕೂತೆ. ಮರುದಿನವೂ ಕಾಲು ನೋವು ಅಂದೆ. ಕಾಲು ನೋವು ಹೋಗಿ ಹದಿನೈದು ದಿನ ಆಯ್ತು ಕಣೇ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಸ್ಟೂಲಿನ ಸುದ್ದಿ ಇಬ್ಬರೂ ಎತ್ತಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಒಬ್ಬ ಹೊಸ ಗಿರಾಕಿ ಬಂದ, ಮಿಕ್ಸಿ ತಗೊಂಡು. ನೀನು ಯಾವುದೋ ಬೋರ್ಡಿಗೆ ತಲೆ ಬಗ್ಗಿಸಿದ್ದೆ, ನಿನಗೆ ಕೇಳಿಸಿರಲ್ಲ. ಅವನು ಕೌಂಟರಿಗೆ ಕೈ ಊರಿ "ಮೆಕ್ಯಾನಿಕ್ ಇದಾರಾ?" ಅಂದ. ಮೂವತ್ತೆರಡು ವರ್ಷದಿಂದ ಆ ಮಾತು ಕೇಳಿದ ತಕ್ಷಣ ಎದ್ದು ನಿಂತವನು ನಾನು. ಇವತ್ತೂ ಅರ್ಧ ಎದ್ದೆ. ಎದ್ದವನು ತಿರುಗಿ ನಿನ್ನ ಕಡೆ ನೋಡಿದೆ. ನಿನ್ನ ಬೆನ್ನು ಕಾಣಿಸ್ತು. ನೀನು ಇಷ್ಟು ವರ್ಷ ಏನು ನೋಡ್ತಾ ಕೂತಿದ್ದೆ ಅಂತ ಆಗ ಗೊತ್ತಾಯ್ತು. ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಚೆನ್ನಾಗೇ ಉರೀತು. ಜೊತೆಗೆ ಇವಳು ನನ್ನವಳು ಅಂತ ಎದೆಯೂ ಉಬ್ಬಿತು. ಎರಡೂ ಒಟ್ಟಿಗೇ ಆಯ್ತು, ಯಾವುದು ಮೊದಲು ಅಂತ ಕೇಳಬೇಡ.

"ಇದಾರೆ, ಕೆಲಸದಲ್ಲಿದಾರೆ. ಕೂತ್ಕೊಳ್ಳಿ" ಅಂದೆ. ಅವನು ನಿನ್ನ ನೋಡಿದ, ನನ್ನ ನೋಡಿದ. "ಅವರಾ?" ಅಂದ.

"ಅವರೇ" ಅಂದೆ. ಚೀಟಿ ಬರೆದೆ. ಸಂಜೆ ಬರ್ತಾನೆ.

ಇಂತಿ,
ನಿನ್ನ ಗಂಡ


ಅದೇ ದಿನ, ಚೀಟಿಯ ಹಿಂದೆ

ಕಾಗದ ಓದಿದೆ. ಕಣ್ಣು ಮಂಜಾಗಿ ಎರಡು ಬೆಸುಗೆ ತಡ ಆಯ್ತು, ಅದು ನಿಮ್ಮ ತಪ್ಪು.
ಮಿಕ್ಸಿ ಆಗಿದೆ. ಅವರು ಬಂದ್ರೆ ಕೊಡಿ.

ಮೆಕ್ಯಾನಿಕ್